ಬ್ರಿಟನ್ನಿನ ಓಸ್ಕಿ: ಕೈ ಓಡಿದರೆ ಸಾಲದು, ಬಾಯೂ ಓಡಬೇಕು

ಪ್ರಶ್ನೆ: ಮೇಡಂ, ನಾನು ಐಸಿಯು ನರ್ಸ್. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಯ ನೋಂದಣಿಗೆ ಸಿಬಿಟಿ (ಕಂಪ್ಯೂಟರ್ ಪರೀಕ್ಷೆ) ಪಾಸಾಗಿದೆ, ಓಸ್ಕಿ (ಪ್ರಾಕ್ಟಿಕಲ್ ಪರೀಕ್ಷೆ) ಬಾಕಿ. ಮಾಕ್ ಪರೀಕ್ಷೆಯಲ್ಲಿ "ಅಲರ್ಜಿ ನೋಡಲಿಲ್ಲ" ಅಂತ ಅಂಕ ಕಳೆದರು. ನಾನು ಚಾರ್ಟ್ ನೋಡಿಯೇ ಔಷಧ ಕೊಟ್ಟಿದ್ದೆ! ಏನು ಮಾಡಲಿ?

ಉತ್ತರ: ನೋಡಿರುತ್ತೀರಿ ಸಿಸ್ಟರ್, ಅನುಮಾನವೇ ಇಲ್ಲ. ಆದರೆ ಅದು ಎಕ್ಸಾಮಿನರ್‌ಗೆ ಗೊತ್ತಾಗಬೇಕಲ್ವಾ? ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಇದೇ ತೊಂದರೆ. ಕಣ್ಣು ಹಾಯಿಸಿ ಮುಗಿಸಿಬಿಡುತ್ತೇವೆ, ಬಾಯಿ ಬಿಡುವುದಿಲ್ಲ. ಹೆಸರು, ಹುಟ್ಟಿದ ದಿನ ರೋಗಿಯನ್ನೇ ಕೇಳಿ, ರಿಸ್ಟ್‌ಬ್ಯಾಂಡ್ ಜೊತೆ ಹೋಲಿಸಿ. ಅಲರ್ಜಿ ಕೇಳಿ. ಒಪ್ಪಿಗೆ ತಗೊಳ್ಳಿ. ಎಕ್ಸ್‌ಪೈರಿ ದಿನಾಂಕ ಗಟ್ಟಿಯಾಗಿ ಓದಿ. ಎದುರಿಗೆ ಬರೀ ಬೊಂಬೆ ಇದ್ದರೂ ಮಾತಾಡಲೇಬೇಕು. ಮೊದಮೊದಲು ನಗು ಬರುತ್ತದೆ, ಬರಲಿ ಬಿಡಿ.

ಸೂಜಿಗೆ ಮತ್ತೆ ಕ್ಯಾಪ್ ಹಾಕುವ ರೂಢಿ ಇದ್ದರೆ ಇವತ್ತೇ ಬಿಡಿ. ಚುಚ್ಚಿದ ಕೂಡಲೇ ಶಾರ್ಪ್ಸ್ ಬಿನ್‌ಗೆ.

ಓಸ್ಕಿಯಲ್ಲಿ ಒಟ್ಟು 10 ಸ್ಟೇಷನ್, ಅಂದರೆ 10 ಚಿಕ್ಕ ಪರೀಕ್ಷೆಗಳು. ಒಬ್ಬನೇ ರೋಗಿಯ ಅಸೆಸ್‌ಮೆಂಟ್, ಪ್ಲಾನಿಂಗ್, ಇಂಪ್ಲಿಮೆಂಟೇಶನ್, ಇವ್ಯಾಲ್ಯುಯೇಶನ್ ಸೇರಿ 4, ಕೌಶಲದ್ದು 4, ಮಾತಿಲ್ಲದೆ ಬರೆಯುವಂಥವು 2. ಅಸೆಸ್‌ಮೆಂಟ್‌ನಲ್ಲಿ ಜಾಸ್ತಿ ಜನ ಎಡವುವುದು ನ್ಯೂಸ್-2 ಕೂಡುವಾಗ. ಅದು ರೋಗಿಯ ಸ್ಥಿತಿ ಅಳೆಯುವ ಸ್ಕೋರ್, ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಉಸಿರು 22 ಇದ್ದರೆ 2 ಅಂಕ. ಆಕ್ಸಿಜನ್ ಹಾಕದೆ ಸ್ಯಾಚುರೇಶನ್ 95 ಇದ್ದರೆ 1. ಪಲ್ಸ್ 112ಕ್ಕೆ 2, ಜ್ವರ 38.4 ಡಿಗ್ರಿಗೆ 1. ಬಿಪಿ, ಪ್ರಜ್ಞೆ ಸರಿಯಾಗಿವೆ ಅಂದುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗಾಬರಿಯ ಅಂಕಿಯಲ್ಲ. ಕೂಡಿದರೆ 6! 5 ಮುಟ್ಟಿದರೆ ತುರ್ತು. ತಕ್ಷಣ ಡಾಕ್ಟರಿಗೆ ತಿಳಿಸಬೇಕು, ಗಂಟೆಗೊಮ್ಮೆಯಾದರೂ ಮತ್ತೆ ನೋಡಬೇಕು. 7 ಮುಟ್ಟಿದರೆ ಎಮರ್ಜೆನ್ಸಿ. ಕೂಡಿ ಸುಮ್ನೆ ಬಿಟ್ಟರೆ ಪ್ರಯೋಜನವಿಲ್ಲ, ಮುಂದೇನು ಮಾಡುತ್ತೀರಿ ಅಂತ ಹೇಳಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಆಟ ಅಲ್ಲಿ ನಡೆಯುವುದಿಲ್ಲ.

ಮರುಪ್ರಶ್ನೆ: ಮಾತಾಡುತ್ತಾ ಮಾಡಿದರೆ ಟೈಮ್ ಸಾಲುತ್ತಿಲ್ಲ ಮೇಡಂ. ಫೇಲ್ ಆದರೆ ಎಲ್ಲಾ ಮೊದಲಿನಿಂದಲಾ?

ಉತ್ತರ: ಹಾಗೇನಿಲ್ಲ. ಒಂದು ಅರ್ಜಿಗೆ 3 ಅವಕಾಶ ಇದೆ. ಕೆಲವೇ ಸ್ಟೇಷನ್ ಹೋದರೆ ಅವಷ್ಟನ್ನೇ ಮತ್ತೆ ಮಾಡಿದರೆ ಸಾಕು. ಟೈಮ್ ವಿಷಯಕ್ಕೆ ಬಂದರೆ, ಮಾಡಿ ಮುಗಿಸಿದ ಮೇಲೆ ವಿವರಿಸಬೇಡಿ, ಮಾಡುತ್ತಲೇ ಹೇಳಿ. "ಬಿಪಿ ಕಫ್ ಕಟ್ಟುತ್ತಿದ್ದೇನೆ, ಕೈ ಸ್ವಲ್ಪ ಬಿಗಿಯಾಗುತ್ತದೆ" ಅಂದರೆ ಸಾಕು, ಪಾಠ ಮಾಡಬೇಕಿಲ್ಲ. ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಮೇಲೆ ಚಿತ್ರ ನೋಡದೆ ದನಿ ಮಾತ್ರ ಕೇಳಿ. ಯಾವ ಹೆಜ್ಜೆ ಕಿವಿಗೆ ಬೀಳಲಿಲ್ಲವೋ ಅದನ್ನು ಬರೆದಿಟ್ಟುಕೊಂಡು ನಾಳೆ ಅದರಿಂದಲೇ ಶುರು ಮಾಡಿ.