ಕಾದಂಬರಿ ಬರೆಯೋದೂ ಸಾಧನೆಯಾ?

ಪ್ರಶ್ನೆ: ಹಾಲಿನವನು ಬರೋ ಮುಂಚೆ ಎದ್ದು ಕಾದಂಬರಿ ಬರೀತೀನಿ. ನಾಯಕಿ ಬಾವಿಗೆ ಇಳಿದರೆ ಅಲ್ಲೊಂದು ಗುಡಿ, ಒಳಗೊಬ್ಬ ಮುದುಕಿ, ನಾಯಕಿಯದೇ ಮುಖ. ನಾನು ಯೋಚಿಸಿದ್ದಲ್ಲ, ತಾನಾಗಿ ಬಂತು. ಮುದುಕಿ ಏನು ಹೇಳಬೇಕೋ ತೋಚ್ತಿಲ್ಲ. ಧ್ಯಾನಕ್ಕೆ ಕೂತರೆ ತೂಕಡಿಕೆ, ಬರೆಯುವಾಗ ಮಾತ್ರ ಎಚ್ಚರ. ಇದನ್ನೂ ಆಧ್ಯಾತ್ಮಿಕ ಸಾಧನೆ ಅನ್ನಬಹುದಾ?

ಉತ್ತರ 1: ವಚನಕಾರ ಅಲ್ಲಮಪ್ರಭುವಿನ ಕತೆ ನೆನಪಾಯ್ತು. ನೆಲದಡಿ ಹೂತ ಗುಡಿಯೊಳಗೆ ಅಲ್ಲಮ ಹೋದರೆ, ಅನಿಮಿಷಯ್ಯ ಅನ್ನೋ ಯೋಗಿ ರೆಪ್ಪೆ ಬಡಿಯದೆ ಕೂತಿದ್ದಾನೆ. ಅವನ ಅಂಗೈಲಿದ್ದ ಲಿಂಗ ಅಲ್ಲಮನ ಕೈಗೆ ಬರುತ್ತೆ. ಉಪದೇಶ, ಭಾಷಣ ಏನಿಲ್ಲ. ನಿಮ್ಮ ಮುದುಕಿ ಬಾಯಿಗೂ ವೇದಾಂತ ತುರುಕಬೇಡಿ ಮಾರಾಯ್ರೆ.

ಉತ್ತರ 2: ಮಾತು ಬೇಕೇ ಬೇಕಂದ್ರೆ ಜಗಳ ಇರಲಿ. 15ನೇ ಶತಮಾನದ ಶೂನ್ಯಸಂಪಾದನೆ ಅನ್ನೋ ಗ್ರಂಥದಲ್ಲಿ ವಚನಗಳನ್ನೇ ಸಂವಾದವಾಗಿ ಹೆಣೆದಿದ್ದಾರೆ. ಅಲ್ಲಮ ಅದರಲ್ಲಿ ಅಕ್ಕಮಹಾದೇವಿಯನ್ನೂ ಸುಮ್ಮನೆ ಬಿಡಲ್ಲ, ಅವಳೂ ಜಗ್ಗಲ್ಲ.

ಉತ್ತರ 3: ಸಾಧನೆಯೇ ಇರಬಹುದು. ಬೆನ್ನುಡಿಯಲ್ಲಿ ಮಾತ್ರ ಹಾಕಿಸ್ಬೇಡಿ, ಓದುಗರು ಓಡಿಹೋಗ್ತಾರೆ.