ಹುತ್ತರಿ ರಾತ್ರಿ ಮಗ ಬರಲಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮಡಿಕೇರಿ ತಾಲ್ಲೂಕಿನ 51 ವರ್ಷದ ಓದುಗಿಯೊಬ್ಬರು ತಮ್ಮ ಸಂಕಟ ಬರೆದಿದ್ದರು. ಬೆಂಗಳೂರಿನಲ್ಲಿರುವ ಮಗ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬರುತ್ತೇನೆ ಅಂದಿದ್ದ. ತಂಬಿಟ್ಟಿಗೆ ಬಾಳೆಹಣ್ಣು ಕಿವುಚಿ, ಗೆಣಸು ಬೇಯಿಸಿ ಕಾದಿದ್ದರು. ಸಂಜೆ ನಾಲ್ಕಕ್ಕೆ ಫೋನ್ ಬಂತು, ಆಗಲ್ಲ ಅಂತ. ಯಜಮಾನರು ಒಂದು ಮಾತೂ ಆಡದೆ ಉಂಡು ಮಲಗಿದರು. ಆರು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಇವರೇ ನೋಡಿಕೊಂಡಿದ್ದು. ನಾದಿನಿ ಈಗ ಫೋನ್ ಕೂಡ ಮಾಡುವುದಿಲ್ಲ. "ನಾನು ಜಾಸ್ತಿ ನಿರೀಕ್ಷೆ ಮಾಡ್ತಿದ್ದೀನಾ? ಎಲ್ಲ ಬಿಟ್ಟುಬಿಟ್ಟರೆ ನೆಮ್ಮದಿ ಸಿಗುತ್ತಾ?" ಅಂತ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, "ನಿರೀಕ್ಷೆ ಇಟ್ಟುಕೊಳ್ಳಬೇಡ, ಆರಾಮಾಗಿರು" ಅಂತ ನಿಮಗೆ ತುಂಬ ಜನ ಹೇಳಿರುತ್ತಾರೆ. ನನಗೂ ಹೇಳಿದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಬ್ಬಕ್ಕೆ ಮಗ ಬರಲಿ ಅಂತ ತಾಯಿ ಕಾಯದೆ ಇನ್ಯಾರು ಕಾಯಬೇಕು? ನೀವು ಕೇಳಿದ್ದು ಜಾಸ್ತಿ ಏನೂ ಅಲ್ಲ.

ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಏನು ಬೇಕಿತ್ತು ಅಂತ ಮಗನಿಗಾಗಲಿ, ಯಜಮಾನರಿಗಾಗಲಿ ಬಾಯಿಬಿಟ್ಟು ಹೇಳಿದ್ದು ಅದರಲ್ಲಿ ಎಲ್ಲೂ ಕಾಣಲಿಲ್ಲ. ಹಾಗಾಗಿ ನನ್ನ ಕಥೆ ಹೇಳುತ್ತೇನೆ.

ನಮ್ಮದು ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ. ಕೊಯ್ಲಿನ ಸಮಯದಲ್ಲಿ ನಾನೂ ಆಳುಗಳ ಜೊತೆ ತೋಟದಲ್ಲೇ ಇರುತ್ತೇನೆ. ಸಂಜೆ ಹಣ್ಣು ತೂಕ ಹಾಕಿ, ಲೆಕ್ಕ ಬರೆದು ಮನೆಗೆ ಬರುವಾಗ ಭುಜ ಎತ್ತಲು ಆಗುವುದಿಲ್ಲ. ಬರುವ ಹೊತ್ತಿಗೆ ಸ್ನಾನಕ್ಕೆ ಬಿಸಿನೀರು ಇದ್ದರೆ ಸಾಕು ಅನ್ನುವುದು ನನ್ನ ಆಸೆ. ನಮ್ಮ ಯಜಮಾನರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಬಚ್ಚಲಿಗೆ ಹೋದರೆ ಹಂಡೆ ತಣ್ಣಗೆ. ಸೌದೆ ಎತ್ತಿ ಹಾಕುವಾಗ ಬೇಕಂತಲೇ ಸದ್ದು ಮಾಡುತ್ತಿದ್ದೆ. ಪಾತ್ರೆ ಕುಕ್ಕುತ್ತಿದ್ದೆ. ಅವರಿಗೆ ಅರ್ಥವಾಗಲಿ ಅಂತ. ಹದಿನೆಂಟು ವರ್ಷ ಹೀಗೇ ನಡೆಯಿತು.

ಒಂದು ದಿನ ಸುಮ್ನೆ ಹೇಳಿಬಿಟ್ಟೆ. "ನಾಳೆಯಿಂದ ಐದು ಗಂಟೆಗೆ ಹಂಡೆಗೆ ಬೆಂಕಿ ಹಾಕಿ. ನನಗೆ ಮೈಕೈ ನೋವು." ಅವರು ಮುಖ ನೋಡಿ, "ಮೊದಲೇ ಹೇಳಬಾರದಿತ್ತಾ?" ಅಂದರು. ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ಒಟ್ಟಿಗೆ ಬಾಳಿ, ಇದನ್ನೂ ಹೇಳಿಯೇ ಮಾಡಿಸಬೇಕಾ? ಹೇಳಿಸಿಕೊಂಡು ಮಾಡಿದ ಕೆಲಸಕ್ಕೆ ಏನು ಬೆಲೆ? ಮಾರನೇ ದಿನ ಬಚ್ಚಲ ಬಾಗಿಲು ತೆಗೆದರೆ ಒಳಗೆಲ್ಲ ಹಬೆ. ಹಂಡೆ ಪಕ್ಕದಲ್ಲಿ ನಾಳೆಗೂ ಸೌದೆ ಜೋಡಿಸಿಟ್ಟಿದ್ದರು. ಆ ನೀರು ಭುಜದ ಮೇಲೆ ಬಿದ್ದಾಗ ಅಳು ಬಂತು ತಂಗಿ. ಹೇಳಿಸಿಕೊಂಡು ಕಾಯಿಸಿದ ನೀರೂ ಅಷ್ಟೇ ಬಿಸಿ ಇರುತ್ತದೆ.

ಹೇಳುವುದಕ್ಕೂ ಒಂದು ರೀತಿ ಇದೆ. "ನನ್ನನ್ನು ಈ ಮನೆಯಲ್ಲಿ ಯಾರೂ ಕೇಳುವವರಿಲ್ಲ" ಅಂದರೆ ಎದುರಿಗಿದ್ದವರಿಗೆ ಬೈಗುಳ ಮಾತ್ರ ಕೇಳಿಸುತ್ತದೆ. ಏನು ಬೇಕು, ಯಾವಾಗ ಬೇಕು ಅಂತ ಅಷ್ಟೇ ಹೇಳಿ. ಹತ್ತು ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ಎದುರಿಗೆ ಹರಡಬೇಡಿ. ಹೇಳಿದ್ದೆಲ್ಲ ಆಗುತ್ತದೆ ಅಂತಲೂ ಇಲ್ಲ. ಮದುವೆಮನೆಗಳಿಗೆ ಜೊತೆಗೆ ಬನ್ನಿ ಅಂತ ಇವರಿಗೆ ಎಷ್ಟೋ ಸಲ ಹೇಳಿದ್ದೇನೆ, ಈಗಲೂ ಬರುವುದಿಲ್ಲ. ನಾನು ನನ್ನ ಅಕ್ಕನ ಜೊತೆ ಹೋಗುತ್ತೇನೆ. ಅದರ ಬೇಸರ ಪೂರ್ತಿ ಹೋಗಿಲ್ಲ, ಆದರೆ ಮದುವೆಯಂತೂ ತಪ್ಪಿಸಿಕೊಳ್ಳುವುದಿಲ್ಲ.
— ಓದುಗಿ, ಸುಂಟಿಕೊಪ್ಪ

ನಿಮ್ಮ ನಾದಿನಿ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ಮನೆ ಹೋಯಿತು. ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದೆವು. ಅಣ್ಣನ ಮನೆ ಜಿಲ್ಲೆಯಲ್ಲೇ ಇದೆ, ಅಲ್ಲಿಗೆ ಏನೂ ಆಗಿರಲಿಲ್ಲ. ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಅಂತ ಕಾದೆ. ಯಾರದೇ ಜೀಪಿನ ಸದ್ದು ಕೇಳಿದರೂ ಎದ್ದು ಹೊರಗೆ ಹೋಗಿ ನೋಡುತ್ತಿದ್ದೆ. ಅವನು ಬರಲಿಲ್ಲ. ಅವನಿಗೆ ಕಾಲೇಜು ಫೀಸು ಕಟ್ಟಲು ಅಮ್ಮ ಮಾರಿದ್ದು ನನ್ನ ಬಳೆ. ನನ್ನ ಮಗಳ ಜ್ವರಕ್ಕೆ ರಾತ್ರಿಯಿಡೀ ಹಣೆಗೆ ಒದ್ದೆಬಟ್ಟೆ ಹಾಕಿದವರು ಪಕ್ಕದ ಚಾಪೆಯಲ್ಲಿದ್ದ ಒಬ್ಬ ಅಜ್ಜಿ. ಅವರ ಊರು ಯಾವುದು ಅಂತಲೂ ಅವತ್ತು ಗೊತ್ತಿರಲಿಲ್ಲ.

ಈಗ ನಾವು ಜಂಬೂರಿನಲ್ಲಿ ಸರ್ಕಾರ ಕಟ್ಟಿಕೊಟ್ಟ ಮನೆಯಲ್ಲಿದ್ದೇವೆ. ಅಣ್ಣನ ಮನೆಯ ಶುಭಕಾರ್ಯಗಳಿಗೆ ಹೋಗಿಬರುತ್ತೇನೆ. ಆದರೆ ಕಷ್ಟಕ್ಕೆ ಆಗುತ್ತಾನೆ ಅನ್ನುವ ಆಸೆಯನ್ನು ಅವನೊಬ್ಬನಿಂದ ತೆಗೆದುಬಿಟ್ಟೆ. ಎಲ್ಲರಿಂದ ತೆಗೆದಿಲ್ಲ ಅಕ್ಕ, ತೆಗೆಯಲೂಬಾರದು. ಅತ್ತೆಯನ್ನು ನೋಡಿಕೊಂಡ ಆರು ವರ್ಷಕ್ಕೆ ನಾದಿನಿ ಸರಿಸಮವಾಗಿ ಏನೂ ಕೊಡಲಾರರು. ಒಂದು ಸಲ ಚೆನ್ನಾಗಿ ಅತ್ತುಬಿಡಿ. ನಾನು ಹಾಗೇ ಮಾಡಿದೆ. ಅಜ್ಜಿಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ.
— ಓದುಗಿ, ಜಂಬೂರು

ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವಳು. ನಿದ್ದೆ ಬರುತ್ತಿಲ್ಲ, ಸಣ್ಣ ಮಾತಿಗೂ ಕಣ್ಣಲ್ಲಿ ನೀರು ಅಂತ ಬರೆದಿದ್ದೀರಿ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಇದು ಅನೇಕರಿಗೆ ಆಗುತ್ತದೆ. ಥೈರಾಯ್ಡ್, ರಕ್ತಹೀನತೆ ಇದ್ದರೂ ಮನಸ್ಸು ಕುಗ್ಗುತ್ತದೆ. ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುತ್ತಿಲ್ಲ ಅಂತಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಮಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.
— ಓದುಗಿ, ಸೋಮವಾರಪೇಟೆ

ನಿಮ್ಮ ಯಜಮಾನರ ಪರವಾಗಿ ಒಂದು ಮಾತು, ಅಮ್ಮ. ಅವರನ್ನು ನಾನು ಕಂಡಿಲ್ಲ. ನನ್ನ ಅನುಭವ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಹುತ್ತರಿ ದಿನ ಕದಿರು ತೆಗೆಯುವಾಗ ಗುಂಡು ಹಾರಿಸುವುದು ಮಗನ ಕೆಲಸ. ಎರಡು ವರ್ಷದ ಹಿಂದೆ ಅವನು ಬರಲಿಲ್ಲ. ನಾನೇ ಕೋವಿ ಹಿಡಿದೆ. ಗದ್ದೆಯಲ್ಲಿ ಎಲ್ಲರೂ "ಪೊಲಿ ಪೊಲಿ ದೇವಾ" ಅಂತ ಕೂಗುವಾಗ ನನಗೆ ಗಂಟಲು ಕಟ್ಟಿತು. ಮನೆಗೆ ಬಂದು ಉಂಡು ಮಲಗಿಬಿಟ್ಟೆ. "ನಿಮಗೇನೂ ಅನ್ನಿಸಲೇ ಇಲ್ವಾ?" ಅಂತ ನನ್ನವಳು ಕೇಳಿದ್ದು ಮೂರು ದಿನ ಆದ ಮೇಲೆ. ಅವಳು ಕೇಳದಿದ್ದರೆ ನಾನಾಗಿ ಹೇಳುತ್ತಿರಲಿಲ್ಲ. ನಮ್ಮ ಕಡೆ ಗಂಡಸರಿಗೆ ಈ ಮಾತು ಕಲಿಸಿದವರಿಲ್ಲ. ಅದು ನಮ್ಮ ತಪ್ಪೇ. ಆದರೂ ನೀವೇ ಒಮ್ಮೆ ಕೇಳಿ ನೋಡಿ. ಅವತ್ತು ಅವರೂ ಗೇಟಿನ ಕಡೆ ನೋಡುತ್ತಾ ಕಾದಿರಬಹುದು.

ಇನ್ನೊಂದು ಮಾತು. ನಾವು ತೋಟದವರು ಕಾಯುವುದರಲ್ಲೇ ಬದುಕಿದವರು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದಿಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ರೋಬಸ್ಟಾ ಅರಳುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಎಷ್ಟೋ ವರ್ಷ ಎರಡೂ ಕೈಕೊಡುತ್ತವೆ. ಅದಕ್ಕೇ ಕೆರೆ ತೋಡಿಸಿ, ಸ್ಪ್ರಿಂಕ್ಲರ್ ಪೈಪು ತಂದಿಟ್ಟುಕೊಂಡಿದ್ದೇವೆ. ಹಾಗಂತ ಮೋಡ ನೋಡುವುದನ್ನು ಬಿಟ್ಟಿಲ್ಲ. ನಿಮ್ಮದೇ ಅಂತ ಒಂದು ಖುಷಿ ಇಟ್ಟುಕೊಳ್ಳಿ. ನನ್ನವಳು ಮನೆಯಲ್ಲೇ ವೈನ್ ಮಾಡಿ ಸಂತೆ ದಿನ ಗೆಳತಿಯರಿಗೆ ಕೊಟ್ಟು ಬರುತ್ತಾಳೆ. ಮಗ ಬರದ ಭಾನುವಾರವೂ ಅವಳಿಗೆ ಈಗ ಮೊದಲಿನಷ್ಟು ಭಾರವಿಲ್ಲ.
— ಓದುಗ, ಸಿದ್ದಾಪುರ

ಆಂಟಿ, ನಿಮ್ಮ ಮಗನ ಜಾಗದಲ್ಲಿ ಇರುವವನು ನಾನು. ಬೆಂಗಳೂರಿಗೆ ಬಂದು ಐದು ವರ್ಷವಾಯಿತು.

ನಾನೂ ಹೀಗೇ ಮಾಡಿದ್ದೇನೆ. ಬರುತ್ತೇನೆ ಅಂದು, ಕೊನೆಗಳಿಗೆಯಲ್ಲಿ ಆಗಲ್ಲ ಅಂದಿದ್ದೇನೆ. ಅವ್ವ ಪ್ರತಿ ಸಲ "ಕೆಲಸ ಇದ್ದರೆ ಬರಬೇಡ ಮಗ, ನಾವು ಆರಾಮಾಗಿದ್ದೇವೆ" ಅನ್ನುತ್ತಿದ್ದಳು. ನಾನು ಅದನ್ನು ನಿಜ ಅಂತಲೇ ನಂಬಿದೆ. ನಂಬಿದರೆ ನನಗೂ ಸುಲಭ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ನಾನು ಬಾರದ ರಾತ್ರಿ ಅವ್ವ ನನ್ನ ಪಾಲಿನ ತಂಬಿಟ್ಟನ್ನು ತಟ್ಟೆಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಹಸುವಿಗೆ ಹಾಕಿದಳಂತೆ. ಅವತ್ತು ನನಗೆ ಕೆಲಸ ಮಾಡಲು ಆಗಲಿಲ್ಲ.

ನಿಮ್ಮ ಮಗನಿಗೆ "ಬೇಜಾರಾಯ್ತು" ಅಂತ ನೇರವಾಗಿ ಹೇಳಿ. ಅವನು ರೇಗಬಹುದು. ರಜೆ ಸಿಗಲಿಲ್ಲ ಅಂತ ಕಾರಣ ಹೇಳಬಹುದು, ಅದು ನಿಜವೂ ಇರಬಹುದು. ಆದರೂ ಹೇಳಿ. ಹಬ್ಬದ ದಿನಕ್ಕೇ ಬರಬೇಕು ಅನ್ನುವುದನ್ನು ಸ್ವಲ್ಪ ಸಡಿಲ ಮಾಡಿ. ನಮ್ಮ ಜಿಲ್ಲೆಗೆ ರೈಲಿಲ್ಲ. ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ. ಬೇರೆ ದಿನವಾದರೆ ಶುಕ್ರವಾರ ರಾತ್ರಿ ಹತ್ತಿ, ಶನಿವಾರ ಬೆಳಗಾಗುವಷ್ಟರಲ್ಲಿ ಮಡಿಕೇರಿಯಲ್ಲಿ ಇಳಿಯಬಹುದು. ಅದು ಅವನಿಗೂ ಗೊತ್ತು. ಯಾವ ಶುಕ್ರವಾರ ಅನ್ನುವುದನ್ನು ನೀವು ಹೇಳಿ.
— ಓದುಗ, ಬೆಂಗಳೂರು (ಊರು ನಾಪೋಕ್ಲು)