ಒಂದು ಇಂಗ್ಲಿಷ್ ಪದಕ್ಕೆ ನಾಲ್ಕು ಸ್ವೀಡಿಶ್ ಪದಗಳಿರುವಾಗ ಯಾವುದನ್ನು ಆರಿಸುವುದು?

ಕೋರಿಕೆ, ಸ್ಟಾಕ್‌ಹೋಮ್‌ನಿಂದ

ಎಲ್ಲರಿಗೂ ನಮಸ್ಕಾರ. ಸ್ವೀಡನ್ನಿನಲ್ಲಿ ನೆಲೆಸಿ ಇಲ್ಲಿಯ ಭಾಷೆಯನ್ನು ಕಲಿತಿರುವ ನಾನು, ಆಸ್ಪತ್ರೆಗಳು ಬಳಸುವ ತಂತ್ರಾಂಶವೊಂದರ ಇಂಗ್ಲಿಷ್ ಪಠ್ಯವನ್ನು ಸ್ವೀಡಿಶ್‌ಗೆ ತರುವ ಕೆಲಸವನ್ನು ಇತ್ತೀಚೆಗೆ ಒಪ್ಪಿಕೊಂಡಿದ್ದೇನೆ. ಪಠ್ಯವೆಲ್ಲ ಎಕ್ಸೆಲ್ ಹಾಳೆಯಲ್ಲಿ ಬಂದಿದ್ದು, ಸಾಲಿಗೊಂದರಂತೆ ‘ಓಪನ್’, ‘ಫ್ರೀ’, ‘ಕೀ’, ‘ಡಿಸ್ಚಾರ್ಜ್’ ಎಂಬ ಬಿಡಿಪದಗಳೇ ಹೆಚ್ಚಾಗಿವೆ. ನಿಘಂಟು ತೆರೆದರೆ ಪ್ರತಿಯೊಂದಕ್ಕೂ ನಾಲ್ಕೈದು ಅರ್ಥಗಳು ಸಿಗುತ್ತವೆ. ಇಂತಹ ಪದಗಳ ಅರ್ಥವನ್ನು ಅನುಭವಸ್ಥರು ಹೇಗೆ ನಿರ್ಧರಿಸುತ್ತೀರಿ, ಯಾವ ನಿಘಂಟುಗಳನ್ನು ನೆಚ್ಚಿಕೊಳ್ಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಗೋಥೆನ್‌ಬರ್ಗ್‌ನಲ್ಲಿ ವೈದ್ಯಕೀಯ ಪಠ್ಯಗಳ ಅನುವಾದಕಿ

ನಿಮ್ಮ ಪಟ್ಟಿಯಲ್ಲಿರುವ ನಾಲ್ಕೂ ಪದಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ನನ್ನ ಅನುಭವದಲ್ಲಿ ತೊಂದರೆಯ ಮೂಲ ನಿಘಂಟಿನ ಕೊರತೆಯಲ್ಲ. ಇಂಗ್ಲಿಷ್ ಹೇಳದೆ ಬಿಟ್ಟದ್ದನ್ನು ಸ್ವೀಡಿಶ್ ಹೇಳಲೇಬೇಕಾಗುತ್ತದೆ, ಮತ್ತು ಆ ಹೇಳದೆ ಉಳಿದ ಸಂಗತಿ ಯಾವ ನಿಘಂಟಿನಲ್ಲಿಯೂ ಇರುವುದಿಲ್ಲ.

‘ಓಪನ್’ ಎಂಬುದು ಗುಂಡಿಯ ಮೇಲಿನ ಆದೇಶವಾದರೆ ‘ಎಪ್ನಾ’ ಎಂದಾಗುತ್ತದೆ. ಅದು ಸ್ಥಿತಿಯನ್ನು ಹೇಳುವ ಗುಣವಾಚಕವಾದರೆ, ಯಾವುದರ ಸ್ಥಿತಿ ಎಂದು ತಿಳಿಯದೆ ಬರೆಯುವುದಕ್ಕೇ ಆಗುವುದಿಲ್ಲ, ಏಕೆಂದರೆ ಸ್ವೀಡಿಶ್‌ನಲ್ಲಿ ನಾಮಪದಗಳು ‘ಎನ್’ ಮತ್ತು ‘ಎತ್’ ಎಂಬ ಎರಡು ಲಿಂಗಗಳಲ್ಲಿ ಹಂಚಿಹೋಗಿವೆ. ಚಿಕಿತ್ಸಾಲಯ ತೆರೆದಿದ್ದರೆ ‘ಎಪ್ಪೆನ್’, ಪ್ರಕರಣವೊಂದು ಇನ್ನೂ ಮುಗಿಯದೆ ತೆರೆದಿದ್ದರೆ ‘ಎಪ್ಪೆತ್’, ಬಹುವಚನವಾದರೆ ಮತ್ತೆ ‘ಎಪ್ನಾ’. ಗುಂಡಿಯ ಆದೇಶವೂ ಬಹುವಚನದ ಗುಣವಾಚಕವೂ ಒಂದೇ ರೂಪದಲ್ಲಿರುವುದರಿಂದ, ತಪ್ಪಾಗಿ ಆರಿಸಿದ ಪದವೂ ಪರದೆಯ ಮೇಲೆ ಸರಿಯಾಗಿಯೇ ಕಾಣಿಸುವ ಅಪಾಯವಿದೆ.

‘ಫ್ರೀ’ ಸ್ವಲ್ಪ ಸುಲಭ. ಖಾಲಿಯಿರುವ ಹಾಸಿಗೆ ‘ಲೇದಿಗ್’, ಶುಲ್ಕವಿಲ್ಲದ್ದು ‘ಗ್ರಾತಿಸ್’, ಸಕ್ಕರೆಯಿಲ್ಲದ ಔಷಧವನ್ನು ಹೇಳುವಾಗ ಪದದ ಕೊನೆಗೆ ‘ಫ್ರೀ’ ಎಂದು ಸೇರಿಸುತ್ತಾರೆ. ‘ಕೀ’ ಬೀಗದ್ದಾದರೆ ‘ನ್ಯುಕ್ಕೆಲ್’, ಕೀಬೋರ್ಡಿನದ್ದಾದರೆ ‘ತಂಗೆಂತ್’, ನಕ್ಷೆಯ ಪಕ್ಕದಲ್ಲಿ ಬಣ್ಣಗಳ ಅರ್ಥ ಹೇಳುವ ಚೌಕವಾದರೆ ‘ತೆಕ್ಕೆನ್‌ಫೋರ್‌ಕ್ಲಾರಿಂಗ್’.

‘ಡಿಸ್ಚಾರ್ಜ್’ ಕುರಿತು ಮಾತ್ರ ತಾವು ಬಹಳ ಎಚ್ಚರದಿಂದಿರಬೇಕು. ಗಾಯದಿಂದ ಒಸರುವ ದ್ರವ, ಬ್ಯಾಟರಿಯಿಂದ ಬರಿದಾಗುವ ವಿದ್ಯುತ್ತು, ರೋಗಿಯನ್ನು ಮನೆಗೆ ಕಳುಹಿಸುವುದು, ಈ ಮೂರಕ್ಕೂ ಸ್ವೀಡಿಶ್‌ನಲ್ಲಿ ಬೇರೆ ಬೇರೆ ಪದಗಳಿವೆ. ಆದರೆ ರೋಗಿಯನ್ನು ಮನೆಗೆ ಕಳುಹಿಸುವುದಕ್ಕೆ ಬಳಸುವ ‘ಸ್ಕ್ರೀವಾ ಊತ್’ ಎಂಬ ಕ್ರಿಯಾಪದಕ್ಕೆ ಕಾಗದದ ಮೇಲೆ ಮುದ್ರಿಸುವುದು ಎಂಬ ಅರ್ಥವೂ ಇದೆ, ಔಷಧವನ್ನು ಬರೆದುಕೊಡುವುದು ಎಂಬ ಅರ್ಥವೂ ಇದೆ. ಹೀಗಾಗಿ ಇಂಗ್ಲಿಷ್‌ನ ‘ಪ್ರಿಂಟ್’, ‘ಪ್ರಿಸ್ಕ್ರೈಬ್’, ‘ಡಿಸ್ಚಾರ್ಜ್’ ಎಂಬ ಮೂರು ಗುಂಡಿಗಳನ್ನು ಒಂದೊಂದಾಗಿ, ಪ್ರತಿಯೊಂದನ್ನೂ ತಪ್ಪಿಲ್ಲದೆ ಅನುವಾದಿಸಿದ ಮೇಲೆ, ಒಂದೇ ಪರದೆಯ ಮೇಲೆ ಒಂದೇ ಹೆಸರಿನ ಮೂರು ಗುಂಡಿಗಳು ನಿಂತುಬಿಡಬಹುದು. ನಾನು ಔಷಧಕ್ಕೆ ವೃತ್ತಿಯವರ ಪದವಾದ ‘ಫೋರ್‌ಸ್ಕ್ರೀವಾ’ವನ್ನು ಬಳಸುತ್ತೇನೆ, ಬಿಡುಗಡೆಯ ಗುಂಡಿಯಲ್ಲಿ ‘ರೋಗಿ’ ಎಂಬ ಪದವನ್ನು ಸೇರಿಸಿಯೇ ಬರೆಯುತ್ತೇನೆ, ಬರಿಯ ‘ಸ್ಕ್ರೀವ್ ಊತ್’ ಅನ್ನು ಮುದ್ರಣಕ್ಕೆ ಬಿಟ್ಟುಕೊಡುತ್ತೇನೆ. ಇಂಗ್ಲಿಷ್‌ನ ನಾನಾರ್ಥವನ್ನು ಬಿಡಿಸುವ ಭರದಲ್ಲಿ ಸ್ವೀಡಿಶ್‌ನ ನಾನಾರ್ಥವನ್ನು ನಾವೇ ಹುಟ್ಟಿಸದಂತೆ ನೋಡಿಕೊಳ್ಳುವುದು ಇಂತಹ ಕೆಲಸದಲ್ಲಿ ಅರ್ಧ ಭಾಗ.

ಇನ್ನೊಂದು ಮಾತು ಸಹಾಯಕ ಕ್ರಿಯಾಪದಗಳದ್ದು. ‘ಮಸ್ಟ್ ನಾಟ್’ ಎಂಬ ನಿಷೇಧವನ್ನು ರೂಪಸಾಮ್ಯ ನೋಡಿ ‘ಮೊಸ್ತೆ ಇಂತೆ’ ಎಂದು ಬರೆದರೆ, ಓದುವವರು ಅದನ್ನು ‘ಮಾಡಲೇಬೇಕೆಂದಿಲ್ಲ’ ಎಂದು ತಿಳಿಯಬಹುದು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಊಟ ಮಾಡಬಾರದು ಎಂಬ ಸೂಚನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿ ‘ಫೋರ್ ಇಂತೆ’ ಎಂದೇ ಬರೆಯಬೇಕು. ‘ಮೇ ನಾಟ್’ ಕೂಡ ಹೀಗೆಯೇ: ಸಂದರ್ಶಕರು ಒಳಗೆ ಹೋಗುವಂತಿಲ್ಲ ಎಂಬಲ್ಲಿ ‘ಫೋರ್ ಇಂತೆ’ ಸರಿ, ರೋಗಿಗೆ ನೆನಪಿಲ್ಲದಿರಬಹುದು ಎಂಬಲ್ಲಿ ‘ಕನ್‌ಶೆ ಇಂತೆ’ ಸರಿ.

ಬೆಂಗಳೂರಿನಿಂದ, ತಂತ್ರಾಂಶಗಳ ಭಾಷಾಂತರ ವಿಭಾಗದಲ್ಲಿರುವವರು

ಮೇಡಂ ಹೇಳಿದ್ದಕ್ಕೆ ತಾಂತ್ರಿಕವಾದ ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ತಂತ್ರಾಂಶದ ಪಠ್ಯಗಳನ್ನು ಅನುವಾದಿಸಲು ಬಳಸುವ ಗ್ನೂ ಗೆಟ್‌ಟೆಕ್ಸ್ಟ್‌ನಂತಹ ವ್ಯವಸ್ಥೆಗಳಲ್ಲಿ ಪ್ರತಿ ಪಠ್ಯಕ್ಕೂ ಸಂದರ್ಭವನ್ನು ಬರೆಯುವ ಜಾಗವಿದೆ. ಅದನ್ನು ಬಳಸಿದರೆ ಗುಂಡಿಯ ‘ಓಪನ್’ ಮತ್ತು ಸ್ಥಿತಿಯ ‘ಓಪನ್’ ಎರಡು ಪ್ರತ್ಯೇಕ ನಮೂದುಗಳಾಗುತ್ತವೆ. ಅದನ್ನು ಬಳಸದಿದ್ದಲ್ಲಿ ಇಂಗ್ಲಿಷ್‌ನಲ್ಲಿ ಒಂದೇ ಆಗಿರುವ ಪದವು ಎಲ್ಲ ಕಡೆಯೂ ಒಂದೇ ಅನುವಾದವನ್ನು ಹಂಚಿಕೊಳ್ಳುತ್ತದೆ, ಆಗ ತಾವು ಎಷ್ಟೇ ಯೋಚಿಸಿ ಆರಿಸಿದರೂ ಒಂದು ಪರದೆಯಾದರೂ ಕೆಡುತ್ತದೆ. ತಮಗೆ ಬಂದ ಎಕ್ಸೆಲ್ ಹಾಳೆಯಲ್ಲಿ ಒಂದೇ ಪದ ಎರಡು ಸಾಲುಗಳಲ್ಲಿ ಕಾಣಿಸಿದರೆ, ಎರಡನೆಯದನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಅದು ಬೇರೆ ಎಂದು ತಿಳಿದೇ ಯಾರೋ ಬೇರೆ ಸಾಲಿನಲ್ಲಿ ಇಟ್ಟಿರಬಹುದು.

ಉಪ್ಸಾಲಾದಲ್ಲಿ ವಯಸ್ಕರಿಗೆ ಸ್ವೀಡಿಶ್ ಕಲಿಸುವ ಕನ್ನಡತಿ

ನಾನು ಅನುವಾದಕಿಯಲ್ಲ, ಆದರೆ ನಮ್ಮವರು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ದಿನವೂ ನೋಡುತ್ತೇನೆ. ಕನ್ನಡ ಕೆಲವೆಡೆ ನಮಗೆ ನೆರವಾಗುತ್ತದೆ, ಕೆಲವೆಡೆ ಕೈಕೊಡುತ್ತದೆ. ‘ಅಂಕಲ್’ ಎಂದಾಗ ಇಂಗ್ಲಿಷ್ ಮಾತ್ರ ಬಲ್ಲವರು ಗೊಂದಲಕ್ಕೆ ಬೀಳುತ್ತಾರೆ. ನಮಗೆ ‘ಮೂರ್‌ಬ್ರೂರ್’ ಎಂದರೆ ಸೋದರಮಾವ, ‘ಫಾರ್‌ಬ್ರೂರ್’ ಎಂದರೆ ದೊಡ್ಡಪ್ಪ ಅಥವಾ ಚಿಕ್ಕಪ್ಪ ಎಂದು ತಟ್ಟನೆ ಹೊಳೆಯುತ್ತದೆ. ‘ಫಾಸ್ತೆರ್’ ಸೋದರತ್ತೆ, ‘ಮುಸ್ತೆರ್’ ತಾಯಿಯ ಅಕ್ಕ ಅಥವಾ ತಂಗಿ. ಆದರೆ ನಮ್ಮ ‘ಅಜ್ಜಿ’ ಎರಡೂ ಕಡೆಗೆ ಸಲ್ಲುವ ಪದವಾದ್ದರಿಂದ, ತಾಯಿಯ ತಾಯಿ ‘ಮುರ್ಮುರ್’, ತಂದೆಯ ತಾಯಿ ‘ಫಾರ್ಮುರ್’ ಎಂಬಲ್ಲಿ ನಾವೂ ನಿಂತು ಯೋಚಿಸಬೇಕು. ನಿಮ್ಮ ತಂತ್ರಾಂಶದಲ್ಲಿ ಕುಟುಂಬದ ಕಾಯಿಲೆಗಳ ಇತಿಹಾಸವನ್ನು ದಾಖಲಿಸುವ ಭಾಗವಿದ್ದರೆ, ಮೂಲದಲ್ಲಿ ‘ಆಂಟ್’ ಎಂದಷ್ಟೇ ಇದ್ದಾಗ ಊಹಿಸಿ ಬರೆಯಬೇಡಿ, ಯಾವ ಕಡೆಯ ಸಂಬಂಧ ಎಂಬುದು ವೈದ್ಯರಿಗೆ ಬೇಕಾದ ಮಾಹಿತಿ.

ಕೈಕೊಡುವ ಜಾಗವೆಂದರೆ ನಮ್ಮ ‘ಗೊತ್ತು’. ವಿಳಾಸ ಗೊತ್ತು, ಡಾಕ್ಟರು ಗೊತ್ತು, ಸ್ವೀಡಿಶ್ ಗೊತ್ತು ಎಂದು ನಾವು ಒಂದೇ ಪದದಲ್ಲಿ ಮುಗಿಸುತ್ತೇವೆ. ಸ್ವೀಡಿಶ್‌ನಲ್ಲಿ ಮಾಹಿತಿಗೆ ‘ವೇತಾ’, ವ್ಯಕ್ತಿಯ ಪರಿಚಯಕ್ಕೆ ‘ಶೆನ್ನಾ’, ಭಾಷೆಗೆ ಮತ್ತು ಕೌಶಲಕ್ಕೆ ‘ಕುನ್ನಾ’. ಇಂಗ್ಲಿಷ್‌ನ ‘ಥಿಂಕ್’ ಇದಕ್ಕಿಂತ ಕಷ್ಟ: ಮನಸ್ಸಿನಲ್ಲಿ ಯೋಚಿಸುವುದು ‘ತೆಂಕಾ’, ಅಭಿಪ್ರಾಯ ಹೇಳುವುದು ‘ತ್ಯುಕ್ಕಾ’, ಖಚಿತವಿಲ್ಲದೆ ನಂಬುವುದು ‘ತ್ರೂ’. ಸಿನಿಮಾ ನೋಡಿ ಬಂದು ಚೆನ್ನಾಗಿದೆ ಎಂದರೆ ‘ತ್ಯುಕ್ಕಾ’, ಇನ್ನೂ ನೋಡದೆ ಚೆನ್ನಾಗಿರಬಹುದು ಎಂದರೆ ‘ತ್ರೂ’ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ‘ಪುಟ್’ ವಿಷಯದಲ್ಲಿ ವಸ್ತು ಹೇಗೆ ಕೂರುತ್ತದೆ ಎಂಬುದೇ ಮುಖ್ಯ: ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿದರೆ ‘ಲೆಗ್ಗಾ’, ಕಪಾಟಿನಲ್ಲಿ ನಿಲ್ಲಿಸಿದರೆ ‘ಸ್ತೆಲ್ಲಾ’. ತಟ್ಟೆ ಚಪ್ಪಟೆಯಾಗಿದ್ದರೂ ತಳವಿರುವುದರಿಂದ ಅದಕ್ಕೂ ‘ಸ್ತೆಲ್ಲಾ’ ಎಂದೇ ಹೇಳುತ್ತಾರೆ, ಪಕ್ಕದ ಚಮಚಕ್ಕೆ ಮಾತ್ರ ‘ಲೆಗ್ಗಾ’.

ಲುಂಡ್‌ನಿಂದ, ಕಾನೂನು ಪಠ್ಯಗಳ ಅನುವಾದಕರು

ನಿಘಂಟುಗಳ ಬಗ್ಗೆ ಕೇಳಿದ್ದೀರಿ. 1786ರಲ್ಲಿ ಸ್ಥಾಪನೆಯಾದ ಸ್ವೀಡಿಶ್ ಅಕಾಡೆಮಿಯ ಮೂರು ನಿಘಂಟುಗಳನ್ನು ಒಂದೇ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಅವುಗಳಲ್ಲಿ ಅರ್ಥಗಳನ್ನು ಬಿಡಿಸಿ ಉದಾಹರಣೆ ಕೊಡುವ ‘ಎಸ್‌ಒ’ ನಿಮಗೆ ಹೆಚ್ಚು ಉಪಯುಕ್ತ. ‘ಎಸ್‌ಎಒಎಲ್’ ಕಾಗುಣಿತ ಮತ್ತು ರೂಪಗಳಿಗೆ ಸಾಕು, ಐತಿಹಾಸಿಕವಾದ ‘ಎಸ್‌ಎಒಬಿ’ ಇಂತಹ ಕೆಲಸಕ್ಕೆ ಬೇಕಾಗುವುದಿಲ್ಲ. ವೃತ್ತಿಪದಗಳಿಗೆ ‘ರಿಕ್ಸ್‌ಟರ್ಮ್‌ಬ್ಯಾಂಕನ್’ ಇದೆ. ಆದರೆ ನನಗೆ ಇವೆಲ್ಲಕ್ಕಿಂತ ನೆರವಾಗಿರುವುದು ಸ್ವೀಡಿಶ್‌ನಲ್ಲಿಯೇ ಹುಟ್ಟಿದ ಪಠ್ಯಗಳು. ಆರೋಗ್ಯದ ವಿಷಯಕ್ಕೆ ‘1177’ ಎಂಬ ಸಾರ್ವಜನಿಕ ಮಾರ್ಗದರ್ಶಿಯನ್ನು ಓದಿ, ಅದೇ ಸಂಗತಿಯನ್ನು ಅವರು ಯಾವ ಪದದಲ್ಲಿ ಹೇಳಿದ್ದಾರೆಂದು ನೋಡಿ. ಸಾರ್ವಜನಿಕ ಆಡಳಿತದ ಭಾಷೆ ಸರಳವೂ ಸುಲಭವಾಗಿ ಅರ್ಥವಾಗುವಂಥದ್ದೂ ಆಗಿರಬೇಕೆಂದು 2009ರ ಭಾಷಾ ಕಾನೂನು ಹೇಳುವುದರಿಂದ, ಆಸ್ಪತ್ರೆಯವರು ಕೂಡ ತಮ್ಮ ಪಠ್ಯದಲ್ಲಿ ಅದೇ ಬಗೆಯ ಪದಗಳನ್ನು ನಿರೀಕ್ಷಿಸುತ್ತಾರೆ. ಹಾಗೆಯೇ ಅಂಕಿಗಳನ್ನು ಮರೆಯಬೇಡಿ: ಇಂದಿನ ಇಂಗ್ಲಿಷ್‌ನ ‘ಬಿಲಿಯನ್’ ನೂರು ಕೋಟಿ, ಸ್ವೀಡಿಶ್‌ನಲ್ಲಿ ಅದು ‘ಮಿಲ್ಯಾರ್ಡ್’, ಸ್ವೀಡಿಶ್‌ನ ‘ಬಿಲ್ಯೂನ್’ ಅದರ ಸಾವಿರ ಪಟ್ಟು.

ಕೋರಿಕೆ ಸಲ್ಲಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಒಂದೇ ಒಂದು ಸಂದೇಹ ಉಳಿದಿದೆ. ಕೆಲಸ ಕೊಟ್ಟವರಿಗೆ ಪ್ರಶ್ನೆಗಳನ್ನು ಕಳುಹಿಸಿದರೆ ‘ನಿಮಗೇ ತಿಳಿದಂತೆ ಮಾಡಿ’ ಎಂಬ ಉತ್ತರವೇ ಬರುತ್ತಿದೆ. ಹೇಗೆ ಕೇಳಿದರೆ ಉಪಯೋಗವಾದೀತು?

ಗೋಥೆನ್‌ಬರ್ಗ್‌ನ ಅನುವಾದಕಿ

‘ಈ ಪದದ ಅರ್ಥವೇನು’ ಎಂದು ಕೇಳಬೇಡಿ. ಇಂಗ್ಲಿಷ್ ಬರೆದವರಿಗೆ ಅದು ಸ್ಪಷ್ಟವಾಗಿಯೇ ಕಾಣಿಸುವುದರಿಂದ ನಿಮ್ಮ ಪ್ರಶ್ನೆಯೇ ಅವರಿಗೆ ಅರ್ಥವಾಗುವುದಿಲ್ಲ. ಸಾಲಿನ ಸಂಖ್ಯೆಯನ್ನು ಕೊಟ್ಟು, ‘ಇದು ಬಳಕೆದಾರರು ಒತ್ತುವ ಗುಂಡಿಯೋ ಅಥವಾ ಪ್ರಕರಣದ ಸ್ಥಿತಿಯೋ’ ಎಂದು ಎರಡರಲ್ಲಿ ಒಂದನ್ನು ಆರಿಸುವಂತೆ ಕೇಳಿ, ಸಾಧ್ಯವಾದರೆ ಆ ಪರದೆಯ ಚಿತ್ರವನ್ನೂ ಕೋರಿ. ಉತ್ತರ ಬಾರದಿದ್ದರೆ ನೀವು ಯಾವ ಅರ್ಥವನ್ನು ಹಿಡಿದು ಅನುವಾದಿಸಿದ್ದೀರಿ ಎಂಬುದನ್ನು ಅದೇ ಹಾಳೆಯ ಪಕ್ಕದ ಕಾಲಮ್ಮಿನಲ್ಲಿ ಬರೆದು ಕಳುಹಿಸಿ. ಔಷಧದ ಪ್ರಮಾಣ, ಉಪವಾಸದ ಸೂಚನೆ, ರೋಗಿಯ ಬಿಡುಗಡೆ, ಈ ಮೂರನ್ನು ಮುಟ್ಟುವ ಸಾಲುಗಳನ್ನು ಮಾತ್ರ ಉತ್ತರ ಬರುವವರೆಗೂ ಖಾಲಿಯೇ ಬಿಡಿ.